ಜಪ್ಪು

ಜಪ್ಪು ಅಂದರೆ ಇಳಿ. ತುಳುವಿನಲ್ಲಿ ಅದಕ್ಕೆ ಬೇರೆ ಅರ್ಥ ಇಲ್ಲ. ಮರ ಹತ್ತಿದ ಮಗುವಿಗೆ ತಾಯಿ ಜಪ್ಪು ಅನ್ನುತ್ತಾಳೆ. ಬಸ್ಸಿನ ಕಂಡಕ್ಟರ್ ಜಪ್ಪುಲೆ ಅನ್ನುತ್ತಾನೆ. ನಮ್ಮವರು ಗದ್ದೆಯ ಹುಣಿಯ ಮೇಲೆ ನಡೆಯುವಾಗ ಎದುರಿನಿಂದ ಧಣಿಗಳು ಬಂದರೆ ಯಾರಾದರೂ ಜಪ್ಪು ಅನ್ನುತ್ತಾರೆ. ನಾವು ಇಳಿಯುತ್ತೇವೆ. ಮೊಣಕಾಲು ಮುಳುಗುವ ಕೆಸರಿದ್ದರೂ ಇಳಿಯುತ್ತೇವೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಓದಿದ ಮನುಷ್ಯನೊಬ್ಬ ಸರಕಾರದ ಎದುರು ಈ ಶಬ್ದಕ್ಕೆ ಬೇರೆ ಅರ್ಥ ಹೇಳಿದ. ನನ್ನ ಅಕ್ಕನ ಸಾವನ್ನು ಆ ಸುಳ್ಳಿನ ಅಡಿಯಲ್ಲಿ ಹೂಳಲು ನೋಡಿದ.

ನಾನು ಹುಕ್ರಪ್ಪ. ಫರಂಗಿಪೇಟೆಯ ಹೊಳೆಬದಿಯ ಹಂಚಿನ ಕಾರ್ಖಾನೆಯಲ್ಲಿ ಹದಿನಾಲ್ಕು ವರ್ಷ ಮಣ್ಣು ತುಳಿದವನು. ಅಕ್ಕ ಸೇಸಮ್ಮ ಅಲ್ಲಿಯೇ ಹಂಚು ಹೊತ್ತವಳು. ನಮ್ಮದು ಯಾವ ಜಾತಿ ಎಂದು ಕೇಳುವ ಚಪಲ ಇರುವವರಿಗೆ ಇಷ್ಟು ಸಾಕು: ಕಾರ್ಖಾನೆಯ ಬಾವಿಯ ಹಗ್ಗ ನಾವು ಮುಟ್ಟುವಂತಿರಲಿಲ್ಲ. ನಾವು ಕಾಲಲ್ಲಿ ತುಳಿದ ಮಣ್ಣಿನ ಹಂಚು ಮಾತ್ರ ದೇವಸ್ಥಾನದ ಮಾಡಿನ ಮೇಲೆ ಕೂತಿತ್ತು. ಅದಕ್ಕೆ ಮೈಲಿಗೆ ಇಲ್ಲ. ಬೆಂಕಿಯಲ್ಲಿ ಸುಟ್ಟರೆ ಎಲ್ಲ ಹೋಗುತ್ತದಂತೆ.

ಅಕ್ಕ ಇಪ್ಪತ್ತೆರಡನೆಯ ವಯಸ್ಸಿಗೆ ಗಂಡ ಸತ್ತು ಮಡಂತ್ಯಾರಿನಿಂದ ತಿರುಗಿ ಬಂದಳು. ನನಗಾಗ ಹತ್ತು. ತಾಯಿ ಇರಲಿಲ್ಲ. ಅವಳು ದುಡಿದಳು, ನಾನು ಉಂಡೆ. ನನ್ನನ್ನು ನಾಲ್ಕನೇ ಕ್ಲಾಸಿನವರೆಗೆ ಶಾಲೆಗೆ ಕಳಿಸಿದಳು. ಜಗಲಿಯಲ್ಲಿ ಕೂತು, ಕಿಟಕಿಯಿಂದ ಬಂದಷ್ಟು ಕನ್ನಡ ಕಲಿತೆ. ಅವಳ ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಹಲಗೆ, ಹಲಗೆಯ ಮೇಲೆ ಹನ್ನೆರಡು ಹಂಚು. ಸುಡುವ ಗೂಡಿನಿಂದ ಹೊಳೆಯ ಧಕ್ಕೆಗೆ ನೂರೈವತ್ತು ಹೆಜ್ಜೆ. ಧಕ್ಕೆ ಅಂದರೆ ದೋಣಿ ನಿಲ್ಲುವ ಕಟ್ಟೆ. ದಿನಕ್ಕೆ ಎಷ್ಟು ಸಲ ಹೋಗಿ ಬರುತ್ತಿದ್ದಳೋ ಅವಳಿಗೂ ಗೊತ್ತಿಲ್ಲ. ನೆತ್ತಿಯ ಮೇಲೆ ಅಂಗೈಯಗಲ ಕೂದಲು ಉದುರಿತ್ತು. ಮುಡಿ ಕಟ್ಟಿ ಅದನ್ನು ಮುಚ್ಚುತ್ತಿದ್ದಳು. ಒಮ್ಮೆ ನಾನು ಅದನ್ನು ನೋಡಿಬಿಟ್ಟೆ. ಕೆನ್ನೆಗೆ ಒಂದು ಬಾರಿಸಿದಳು. ಮತ್ತೆ ಅವಳೇ ಅತ್ತಳು.

ಅರುವತ್ತೆರಡನೇ ಇಸವಿಯಲ್ಲಿ ಕಾರ್ಖಾನೆಗೆ ಆ ಗಾಡಿ ಬಂತು. ಬೊಂಬಾಯಿ ಬಂದರಿನಲ್ಲಿ ಹಳತಾಗಿ ಹರಾಜಿಗೆ ಬಂದದ್ದನ್ನು ಸಂಕಪ್ಪ ಧಣಿ ಲಾರಿಯಲ್ಲಿ ತರಿಸಿದ್ದರು. ಕರೆಂಟು ತುಂಬಿದ ಬ್ಯಾಟರಿಯಿಂದ ಓಡುವ ಗಾಡಿ. ಮುಂದೆ ಕಬ್ಬಿಣದ ಎರಡು ಉದ್ದ ಕೊಂಬು. ಹಂಚು ಪೇರಿಸಿದ ಮರದ ಮಂಚದ ಅಡಿಗೆ ಕೊಂಬು ತೂರಿಸಿ ಪಕ್ಕದ ಸಣ್ಣ ಹಿಡಿ ಎಳೆದರೆ ಮಂಚ ಮೇಲೇಳುತ್ತಿತ್ತು. ಎಂಬತ್ತು ಹೆಂಗಸರು ಹೊರುವುದನ್ನು ಒಂದೇ ಸಲ ಎತ್ತುತ್ತಿತ್ತು. ಆಳುಗಳು ಅದಕ್ಕೆ ಕೋಣ ಎಂದು ಹೆಸರಿಟ್ಟರು. ಹಿಂದುಗಡೆ ಒಂದೂವರೆ ಗೇಣು ಎತ್ತರದ ಮೆಟ್ಟಿಲಿನಂಥ ತಗಡು. ಓಡಿಸುವವನು ಅದರ ಮೇಲೆ ನಿಲ್ಲಬೇಕು. ಕೂರಲು ಸೀಟು ಇರಲಿಲ್ಲ.

ಮೊದಲು ಸ್ಟೋರಿನ ಶೇಖರನನ್ನು ಹತ್ತಿಸಿದರು. ಬ್ಯಾಟರಿಯಲ್ಲಿ ಕಿಡಿ ಹಾರಿದ್ದು ಕಂಡು ಅವನು ಹಾರಿ ಓಡಿದ. "ಅಯ್ಯಯ್ಯೋ, ನನಗೆ ಮದುವೆ ಆಗ್ಲಿಕ್ಕೆ ಉಂಟು ಮಾರಾಯ್ರೆ," ಅಂದ. ಮತ್ತೆ ಯಾರೂ ಮುಂದೆ ಬರಲಿಲ್ಲ. ಧಣಿ ಸುತ್ತ ನೋಡಿದರು. ಅವರ ಕಣ್ಣು ನನ್ನ ಮೇಲೆ ನಿಂತಿತು.

"ಹುಕ್ರ ಓಡಿಸಲಿ," ಅಂದರು.

ರೈಟರ್ ಸುಧಾಕರ ಬೆಚ್ಚಿದ. ಹಾಜರಿ, ಲೆಕ್ಕ, ಬಯ್ಗುಳ ಮೂರೂ ಅವನ ಖಾತೆ. "ಇವನಾ ಧಣಿ? ಇವನನ್ನು ಗಾಡಿಯಲ್ಲಿ ಕೂರಿಸುವುದಾ?"

"ಕೂರಿಸುವುದು ಯಾರು? ಅದರಲ್ಲಿ ಸೀಟು ಎಲ್ಲಿ ಉಂಟು? ನಿಂತೇ ಓಡಿಸುವುದು. ನಮ್ಮ ಎದುರು ನಿಲ್ಲುವುದು ಅವನಿಗೆ ಅಭ್ಯಾಸವೇ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ನಗು ನೆನಪಾದರೆ ಈಗ ನನಗೆ ನನ್ನ ಮುಖಕ್ಕೇ ಉಗಿಯಬೇಕು ಅನ್ನಿಸುತ್ತದೆ.

ಗಾಡಿಯ ಜೊತೆ ಕಲಿಸಲು ಬಂದವರು ಅಬ್ದುಲ್ ರವೂಫ್. ಬಂಟ್ವಾಳ ಪೇಟೆಯವರು. ಇಪ್ಪತ್ತು ವರ್ಷ ಬೊಂಬಾಯಿ ಬಂದರಿನಲ್ಲಿ ಇಂಥ ಗಾಡಿ ಓಡಿಸಿದವರು. ನಾವು ರವೂಫ್ ಕಾಕ ಅನ್ನುತ್ತಿದ್ದೆವು. ಒಂದು ತಿಂಗಳ ರಜೆಯಲ್ಲಿ ಬಂದಿದ್ದರು. ಅವರು ನನ್ನ ಹೆಗಲು ಮುಟ್ಟಿ ನಿಲ್ಲಿಸಿದರು, ಕೈ ಹಿಡಿದು ಹಿಡಿಯ ಮೇಲೆ ಇಟ್ಟರು. ಕಾರ್ಖಾನೆಯಲ್ಲಿ ನನ್ನ ಮೈ ಮುಟ್ಟಿದ ಮೊದಲ ಮೇಲಿನವರು ಅವರು.

"ನೋಡು ಹುಕ್ರಪ್ಪ. ಓಡುವಾಗ ಕೊಂಬು ನೆಲದಿಂದ ಒಂದು ಗೇಣು ಮಾತ್ರ. ಹೆಚ್ಚು ಎತ್ತಿದರೆ ಮಗುಚ್ತದೆ. ಎತ್ತಿದ ಕೊಂಬಿನ ಅಡಿಯಲ್ಲಿ ಸ್ವಂತ ಬಾಪ ಬಂದ್ರೂ ಬಿಡ್ಬೇಡ. ಕೈ, ಕಾಲು, ತಲೆ ಯಾವುದೂ ಹೊರಗೆ ಹಾಕ್ಬೇಡ. ಕಂಬದ ಹತ್ತಿರ ಹೋಗುವಾಗ ಮೊದಲು ಹಾರ್ನ್, ಮತ್ತೆ ಗಾಡಿ."

"ಬ್ರೇಕ್ ಯಾವುದು ಕಾಕ?"

"ನೀನೇ ಬ್ರೇಕ್!" ಅವರು ನನ್ನ ಬಲಗಾಲಿನ ಅಡಿಯ ಪೆಡಲ್ ತೋರಿಸಿದರು. "ಕಾರಿನಲ್ಲಿ ತುಳಿದ್ರೆ ನಿಲ್ತದೆ. ಇದರಲ್ಲಿ ತುಳಿದ್ರೆ ಓಡ್ತದೆ, ಬಿಟ್ರೆ ನಿಲ್ತದೆ. ನೀನು ಬಿದ್ದೆ, ತಲೆ ತಿರುಗಿತು, ಸತ್ತೇ ಹೋದೆ ಅಂತ ಇಟ್ಕೊ. ಕಾಲು ಎದ್ದ ಕೂಡಲೇ ಗಾಡಿ ನಿಲ್ತದೆ. ಮತ್ತೊಬ್ಬನನ್ನು ಕೊಲ್ಲುವುದಿಲ್ಲ. ಇದನ್ನು ಮಾಡಿದವನಿಗೆ ಕೂಲಿಯವನ ಜೀವ ಗೊತ್ತಿತ್ತು ಮಾರಾಯ."

ಹೊರಡುವ ದಿನ ಅವರು ರೈಟರನ್ನು ಕರೆದು ನನ್ನೆದುರೇ ಹೇಳಿದರು: "ಎಂತ ಬೇಕಾದ್ರೂ ಮಾಡಿ, ಆ ಪೆಡಲಿಗೆ ಮಾತ್ರ ಕೈ ಹಾಕ್ಬೇಡಿ." ರೈಟರ್ ತಲೆ ಆಡಿಸಿದ.

ಗಾಡಿ ಓಡಿಸುವುದು ನನಗೆ ಬಂತು. ಸುಳ್ಳು ಯಾಕೆ ಹೇಳಲಿ, ಖುಷಿಯಾಯಿತು. ಮಣ್ಣು ತುಳಿದು ಬಿರಿದ ಕಾಲು, ಒಂದು ಸಾವಿರ ಹಂಚನ್ನು ಓಡಿಸುತ್ತಿತ್ತು. ಅಕ್ಕನಿಗೂ ಹೊರುವ ಕೆಲಸ ಹೋಗಿ ಧಕ್ಕೆಯ ಕಂಬದ ಹತ್ತಿರ ಪೇರಿಸುವ ಕೆಲಸ ಸಿಕ್ಕಿತು. "ನನ್ನ ತಲೆ ಹಗುರ ಆಯ್ತು ತಮ್ಮ, ಕುತ್ತಿಗೆ ಎಲ್ಲಿ ಹೋಯ್ತು ಅಂತ ಹುಡುಕ್ತಾ ಇದ್ದೇನೆ," ಎಂದು ಹಾಸ್ಯ ಮಾಡಿದಳು.

ಆದರೆ ಒಂದೂವರೆ ಗೇಣು ಇತ್ತಲ್ಲ. ಆ ತಗಡಿನ ಮೇಲೆ ನಿಂತರೆ ನನ್ನ ತಲೆ ಧಣಿಯ ತಲೆಗಿಂತ ಮೇಲೆ ಬರುತ್ತಿತ್ತು. ಧಣಿ ಗೂಡಿನ ಕಡೆಯಿಂದ ಬರುವುದು ಕಂಡರೆ ಸುಧಾಕರ ಕೂಗುತ್ತಿದ್ದ: "ಜಪ್ಪು!" ನಾನು ಹಾರಿ ಇಳಿದು, ಮುಂಡಾಸು ಕಂಕುಳಕ್ಕೆ ಸಿಕ್ಕಿಸಿ, ಬೆನ್ನು ಬಗ್ಗಿಸಿ ಬದಿಗೆ ನಿಲ್ಲುತ್ತಿದ್ದೆ. ಹೆಂಗಸರು ಹೊರೆ ಇಳಿಸಿ ಗೋಡೆಗೆ ಮುಖ ತಿರುಗಿಸುತ್ತಿದ್ದರು. ಅದು ಹಿಂದಿನಿಂದ ಬಂದ ಕ್ರಮ. ಹೆಂಗಸರ ಮುಖ ನೋಡಿದರೆ ಹೋದ ಕೆಲಸ ಕೆಡುತ್ತದೆ ಎಂದು ಧಣಿಯ ನಂಬಿಕೆ.

ನಾನು ಇಳಿದಾಗಲೆಲ್ಲ ಪೆಡಲ್ ಎದ್ದು ಗಾಡಿ ಗಕ್ಕನೆ ನಿಲ್ಲುತ್ತಿತ್ತು. ಮೇಲಿನ ಸಾಲಿನ ಹಂಚು ಜಾರಿ ನೆಲಕ್ಕೆ ಬೀಳುತ್ತಿತ್ತು. ದಿನಕ್ಕೆ ಹತ್ತು, ಇಪ್ಪತ್ತು. ಧಣಿ ಒಡೆದ ಹಂಚು ಕಂಡು ಕಿರಿಚಿದರು.

"ರೈಟರ್ರೆ, ಧಣಿ ಬರುವಾಗ ಇಳಿಯದಿದ್ರೆ ಹಂಚು ಒಡೆಯುವುದಿಲ್ಲ," ಎಂದೆ ನಾನು. ಬೇರೆ ಏನೂ ಮನಸ್ಸಿನಲ್ಲಿರಲಿಲ್ಲ. ಹಂಚಿನ ವಿಷಯವೇ ಹೇಳಿದ್ದು.

ಸುಧಾಕರ ನನ್ನನ್ನು ದಿಟ್ಟಿಸಿ ನೋಡಿದ. "ಓಹೋ! ಧಣಿಯ ತಲೆ ಮೇಲೆ ನಿಲ್ತೀಯಾ? ನಾಲ್ಕು ದಿನ ಗಾಡಿ ಹತ್ತಿದ್ದಕ್ಕೆ ಕೊಂಬು ನಿನಗೇ ಬಂತಾ?"

ಮರುದಿನ ಅವನೇ ಒಂದು ಹಂಚಿನ ಚೂರು ತಂದ. ಪೆಡಲನ್ನು ಪೂರ್ತಿ ಕೆಳಗೆ ಒತ್ತಿ, ಚೂರನ್ನು ಸಂದಿಗೆ ಜಡಿದು, ತೆಂಗಿನ ನಾರಿನ ಹುರಿಯಿಂದ ಬಿಗಿದು ಕಟ್ಟಿದ. ಈಗ ನಾನು ಇಳಿದರೂ ಬ್ರೇಕ್ ಬೀಳುವುದಿಲ್ಲ, ಹಂಚು ಒಡೆಯುವುದಿಲ್ಲ.

"ಕಾಕ ಬೇಡ ಅಂದಿದ್ದಾರೆ," ಎಂದೆ.

"ಕಾಕ ಬೊಂಬಾಯಿಯಲ್ಲಿದ್ದಾನೆ. ಓಡಿಸುವ ಹಿಡಿಯನ್ನು ಹಿಂದಕ್ಕೆ ಎಳೆದರೂ ನಿಲ್ತದಲ್ಲ? ಮೊದಲು ಎಳಿ, ಮತ್ತೆ ಇಳಿ. ಅಷ್ಟೂ ಬುದ್ಧಿ ಇಲ್ವಾ?"

ಧಣಿ ಬಂದು ಬಗ್ಗಿ ನೋಡಿದರು. "ಒಳ್ಳೇದಾಯ್ತು," ಅಂದು ಹೋದರು. ಅವರು ನೋಡಿದ್ದಾರೆ. ಅವರ ಮೂಗು ಆ ಹುರಿಯಿಂದ ಒಂದು ಮೊಳ ದೂರದಲ್ಲಿತ್ತು.

ಏಳು ದಿನ ಹಾಗೆಯೇ ಕಳೆಯಿತು. ದೂರದಿಂದಲೇ ಧಣಿಯ ಬಿಳಿ ಪಂಚೆ ಕಂಡರೆ ನಾನು ಹಿಡಿ ಹಿಂದಕ್ಕೆ ಎಳೆದು, ಗಾಡಿ ನಿಲ್ಲಿಸಿ, ಆಮೇಲೆ ಇಳಿಯುತ್ತಿದ್ದೆ.

ಎಂಟನೆಯ ದಿನ ಮಧ್ಯಾಹ್ನ. ಸಾವಿರ ಹಂಚು ಹೊತ್ತು ಧಕ್ಕೆಯ ಕಡೆ ಹೋಗುತ್ತಿದ್ದೆ. ಅಲ್ಲಿ ನೆಲ ಹೊಳೆಯ ಕಡೆಗೆ ಸ್ವಲ್ಪ ಇಳಿಜಾರು. ಕಣ್ಣಿಗೆ ಕಾಣುವುದಿಲ್ಲ, ಚಕ್ರಕ್ಕೆ ಗೊತ್ತಾಗುತ್ತದೆ. ಕೊನೆಯಲ್ಲಿ ಮುರಕಲ್ಲಿನ ದೊಡ್ಡ ಕಂಬ. ಕಂಬದ ಹತ್ತಿರ ಅಕ್ಕ ಹಂಚು ಪೇರಿಸುತ್ತಿದ್ದಳು. ಆ ಹೊತ್ತಿಗೆ ಧಣಿ ಗೂಡಿನ ಮರೆಯಿಂದ ತಟ್ಟನೆ ನನ್ನ ಪಕ್ಕಕ್ಕೇ ಬಂದರು.

"ಜಪ್ಪು!" ಎಂದು ಸುಧಾಕರ ಅರಚಿದ.

ಇಳಿದೆ.

ಹಿಡಿ ಎಳೆಯಬೇಕಿತ್ತು. ಎಳೆಯಲಿಲ್ಲ. ಕೈ ಕಲಿತದ್ದು ಎರಡು ತಿಂಗಳು. ಕಾಲು ಕಲಿತದ್ದು ಹುಟ್ಟಿದಂದಿನಿಂದ. ನನ್ನ ಕಾಲು ನನ್ನನ್ನು ಕೇಳಲೇ ಇಲ್ಲ. ನಾನು ನೆಲದ ಮೇಲಿದ್ದೆ, ಬೆನ್ನು ಬಗ್ಗಿತ್ತು, ಮುಂಡಾಸು ಕಂಕುಳಲ್ಲಿತ್ತು. ಗಾಡಿ ನಾನಿಲ್ಲದೆ ಹೋಗುತ್ತಿತ್ತು.

"ಅಕ್ಕಾ!" ಎಂದು ಕೂಗಿದೆ. ಅವಳಿಗೆ ಮೊದಲು ಕೇಳಿದ್ದು ಜಪ್ಪು. ಜಪ್ಪು ಅಂದರೆ ಧಣಿ ಬಂದರು. ಅವಳು ಕಂಬಕ್ಕೆ ಮುಖ ತಿರುಗಿಸಿ ತಲೆ ತಗ್ಗಿಸಿದ್ದಳು. ನನ್ನ ಕೂಗಿಗೆ ತಿರುಗಲು ಹೊರಟಳು. ಅರ್ಧ ತಿರುಗಿದ್ದಳು. ಆಗ ಕೊಂಬು ಅವಳನ್ನು ಕಂಬಕ್ಕೆ ಒತ್ತಿತು. ಸಾವಿರ ಹಂಚಿನ ಭಾರ ಹಿಂದಿನಿಂದ ಬಂತು. ಒಂದು ಸದ್ದು ಬಂತು. ಅದು ಹಂಚಿನದ್ದಲ್ಲ.

ನಾನು ಓಡಿ ಹತ್ತಿ ಗಾಡಿಯನ್ನು ಹಿಂದೆ ತೆಗೆದೆ. ಅವಳು ನಿಂತಲ್ಲಿಂದ ಕೂತಳು. ಮುಡಿ ಬಿಚ್ಚಿ ಬಿದ್ದಿತ್ತು, ನೆತ್ತಿ ಎಲ್ಲರಿಗೂ ಕಾಣುತ್ತಿತ್ತು. ನಾನು ಕೈಯಿಂದ ಅದನ್ನು ಮುಚ್ಚಿದೆ. ಬೇರೇನು ಮಾಡಬೇಕೆಂದು ನನಗೆ ತಿಳಿಯಲಿಲ್ಲ. ಬಾಯಿಯಿಂದ ರಕ್ತ ಬಂತು. ಮಾತು ಬರಲಿಲ್ಲ. ದೋಣಿಯವರು ಓಡಿ ಬರುವಷ್ಟರಲ್ಲಿ ಅವಳು ಇರಲಿಲ್ಲ.

ಹಂಚು ಹೊರುವ ಹಲಗೆಯ ಮೇಲೆ ಅವಳನ್ನು ಮಲಗಿಸಿ ಎತ್ತಿದಾಗ ನಾನು ಹಿಂತಿರುಗಿ ನೋಡಿದೆ. ಸುಧಾಕರ ಗಾಡಿಯ ಹಿಂದೆ ಕುಕ್ಕರುಗಾಲಲ್ಲಿ ಕೂತು ಹುರಿ ಬಿಚ್ಚುತ್ತಿದ್ದ. ಚೂರನ್ನೂ ಹುರಿಯನ್ನೂ ಹಸಿ ಮಣ್ಣಿನ ರಾಶಿಗೆ ಎಸೆದ. ಹೆಣ ಇನ್ನೂ ಬಿಸಿ ಇತ್ತು.

ನಾಲ್ಕನೆಯ ದಿನ ಕಾರ್ಖಾನೆಯಲ್ಲಿ ಪ್ರಶ್ನೆ ಇಟ್ಟರು. ಕವಡೆ ಎಣಿಸಿದವರು, ಬೊಂಬಾಯಿಯಲ್ಲಿ ಯಾರೋ ಗಾಡಿಯ ಅಡಿಗೆ ಬಿದ್ದು ಸತ್ತಿದ್ದಾನೆ, ಅವನ ಕುಲೆ, ಅವನ ಪ್ರೇತ, ಗಾಡಿಯಲ್ಲಿ ಉಂಟು ಎಂದರು. ಕೋಳಿ ಕೊಯ್ದರು. ಕೊಂಬಿಗೆ ಕುಂಕುಮ ಹಚ್ಚಿದರು. ಬೊಂಬಾಯಿಯ ಕುಲೆಗೆ ತುಳು ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ. ಜಪ್ಪು ಅಂದ ಕೂಡಲೇ ಅದಕ್ಕೆ ಅರ್ಥ ಆಯಿತಲ್ಲ! ಕೋಳಿಯ ರಕ್ತ ತೊಳೆದರು. ಕಂಬದ ಮೇಲಿನ ಅಕ್ಕನ ರಕ್ತ ಮುರಕಲ್ಲಿನೊಳಗೆ ಇಳಿದಿತ್ತು. ಕೆಂಪು ಕಲ್ಲು, ಕೆಂಪು ರಕ್ತ. ತೊಳೆಯುವವರಿಗೆ ಕಾಣಲಿಲ್ಲ.

ಕುಲೆ ಇದ್ದದ್ದು ನನ್ನ ಕಾಲಿನಲ್ಲಿ. ಕೂತಲ್ಲಿ, ನಿಂತಲ್ಲಿ ಬಲಗಾಲು ತನ್ನಷ್ಟಕ್ಕೆ ಎದ್ದು ಕೆಳಗೆ ಇಳಿಯುತ್ತಿತ್ತು, ಸಮನೆಲದಲ್ಲಿಯೂ. ಅನ್ನದ ಬಟ್ಟಲು ಹಿಡಿದರೆ ಬೆನ್ನ ಹಿಂದೆ ಅಕ್ಕ ಅರ್ಧ ತಿರುಗಿ ನಿಂತ ಹಾಗೆ ಆಗುತ್ತಿತ್ತು. ಪೂರ್ತಿ ತಿರುಗುತ್ತಿರಲಿಲ್ಲ. ಮುಖ ಕಾಣುತ್ತಿರಲಿಲ್ಲ. "ತಿರುಗು ಅಕ್ಕ, ಬಯ್ಯಿ, ಕೆನ್ನೆಗೆ ಹೊಡಿ," ಎಂದು ಅಳುತ್ತಿದ್ದೆ. ಒಂದು ದಿನ ಅಕ್ಕನ ಉತ್ತರಕ್ರಿಯೆಯ, ಬೊಜ್ಜದ ಸಾಮಾನಿಗೆಂದು ಮಂಗಳೂರಿಗೆ ಹೋಗಿ ಬಸ್ಸಿನಲ್ಲಿ ಬರುತ್ತಿದ್ದೆ. "ಫರಂಗಿಪೇಟೆ! ಜಪ್ಪುಲೆ, ಜಪ್ಪುಲೆ!" ಎಂದು ಕಂಡಕ್ಟರ್ ಕೂಗಿದ. ನನ್ನ ಕೈ ಕಂಬಿಯನ್ನು ಹಿಡಿದು ಬಿಗಿಯಿತು. ಇಳಿಯಲು ಆಗಲಿಲ್ಲ. ನಾನು ಇಳಿದರೆ ಬಸ್ಸು ಮುಂದೆ ಹೋಗಿ ಯಾರನ್ನೋ ಒತ್ತುತ್ತದೆ ಎಂದು ಬೆವರಿದೆ. "ಎಂತ ಮಾರಾಯ, ಕಿವಿ ಕೇಳುವುದಿಲ್ವಾ?" ಎಂದ ಅವನು. ಬಂಟ್ವಾಳದವರೆಗೆ ಹೋದೆ. ಅಲ್ಲಿ ಎಲ್ಲರೂ ಇಳಿದ ಮೇಲೆ ಇಳಿದೆ. ಹೊಳೆಬದಿಯಲ್ಲೇ ನಡೆದು ಮನೆಗೆ ಬಂದೆ.

ಬೊಜ್ಜದ ಮರುದಿನ ಸುಧಾಕರ ಒಂದು ಕಾಗದ ಹಿಡಿದು ಬಂದ. ಅಂಗಳದ ಹೊರಗೆ ನಿಂತೇ ಓದಿದ: "ಸೇಸು ಎಂಬವಳು ತನ್ನ ಅಜಾಗರೂಕತೆಯಿಂದ ಚಲಿಸುತ್ತಿದ್ದ ಯಂತ್ರಕ್ಕೆ ಅಡ್ಡ ಬಂದು ಮೃತಪಟ್ಟಿರುತ್ತಾಳೆ. ಇದರಲ್ಲಿ ಯಾರ ತಪ್ಪೂ ಇರುವುದಿಲ್ಲ."

"ಅವಳು ಅಡ್ಡ ಬರಲಿಲ್ಲ," ಎಂದೆ.

"ಮತ್ತೆ? ನೀನು ಕೊಂದೆ ಅಂತ ಬರೆಯುವುದಾ? ಜೈಲಿಗೆ ಹೋಗ್ತೀಯಾ? ನಾಳೆ ಫ್ಯಾಕ್ಟರಿ ಇನ್‌ಸ್ಪೆಕ್ಟರ್ ಬರ್ತಾರೆ. ಹೆಬ್ಬೆಟ್ಟು ಒತ್ತು. ಈ ಮನೆ ಯಾರ ಜಾಗದಲ್ಲಿ ಉಂಟು ಅಂತ ಗೊತ್ತುಂಟಲ್ಲ?"

"ನನಗೆ ರುಜು ಹಾಕ್ಲಿಕ್ಕೆ ಬರ್ತದೆ."

"ಹಾಗಾದರೆ ರುಜು ಹಾಕು."

"ನಾಳೆ ಅವರ ಎದುರೇ ಹಾಕ್ತೇನೆ," ಎಂದೆ. ಅವನು ನಂಬಿದ. ನಮ್ಮಂಥವರು ಇಲ್ಲ ಅನ್ನುವುದನ್ನು ಅವನು ಕೇಳಿರಲಿಲ್ಲ. ಅವನು ಹೋದ ಮೇಲೆ ನಾನು ಕಾರ್ಖಾನೆಯ ಮಣ್ಣಿನ ರಾಶಿಗೆ ಹೋಗಿ ಕೈ ಹಾಕಿ ಹುಡುಕಿದೆ. ಹುರಿ ಸಿಕ್ಕಿತು. ಚೂರೂ ಸಿಕ್ಕಿತು. ತೊಳೆದು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಏನು ಮಾಡಬೇಕೆಂದು ಆಗಲೂ ಗೊತ್ತಿರಲಿಲ್ಲ. ಅಕ್ಕ ಅಡ್ಡ ಬಂದಳು ಎಂದು ಬರೆಯಲು ಬಿಡುವುದಿಲ್ಲ ಎಂಬುದಷ್ಟೇ ಗೊತ್ತಿತ್ತು.

ಇನ್‌ಸ್ಪೆಕ್ಟರ್ ಮೈಸೂರು ಕಡೆಯವರು. ಮಂಗಳೂರಿಗೆ ಬಂದು ಮೂರು ತಿಂಗಳಾಗಿತ್ತಂತೆ. ತುಳು ಒಂದಕ್ಷರ ಬಾರದು. ಆಫೀಸಿನಲ್ಲಿ ಕೂತು ಎಲ್ಲರನ್ನೂ ಕೇಳಿದರು. ನಾನು ಬಾಗಿಲಿನ ಹೊರಗೆ, ಹತ್ತು ಹೆಜ್ಜೆ ದೂರ. ಧಣಿ ಕುರ್ಚಿಯಲ್ಲಿ.

"ಘಟನೆಗೆ ಮುಂಚೆ ಯಾರೋ ಜಪ್ಪು ಅಂತ ಕೂಗಿದರು ಅಂತ ದೋಣಿಯವರು ಹೇಳ್ತಾರೆ. ಹಾಗಂದ್ರೇನ್ರೀ?"

ಸುಧಾಕರ ರೆಪ್ಪೆ ಹೊಡೆಯಲಿಲ್ಲ. "ಜಪ್ಪು ಅಂದರೆ ಜಾಗ್ರತೆ ಅಂತ ಅರ್ಥ ಸಾರ್. ಗಾಡಿ ಬರುವಾಗ ಜನರಿಗೆ ಎಚ್ಚರಿಕೆ ಕೊಡುವುದು. ನಾನೇ ಕೂಗಿದ್ದು. ಎಲ್ಲರೂ ಸರಿದರು. ಅವಳು ಸರಿಯಲಿಲ್ಲ."

"ಒಳ್ಳೆ ಪದ್ಧತಿ," ಎಂದು ಇನ್‌ಸ್ಪೆಕ್ಟರ್ ಬರೆದುಕೊಂಡರು.

ನನ್ನ ಮೈ ಉರಿಯಿತು. ನನ್ನ ಅಪ್ಪ, ಅಜ್ಜ ಕೆಸರಿಗೆ ಇಳಿದ ಶಬ್ದ ಅದು. ಅಕ್ಕನನ್ನು ಕಂಬಕ್ಕೆ ತಿರುಗಿಸಿದ ಶಬ್ದ. ಅದನ್ನು ತೊಳೆದು, ಇಸ್ತ್ರಿ ಹಾಕಿ, ಸರಕಾರದ ಪುಸ್ತಕದಲ್ಲಿ ಕೂರಿಸಿದ. ಅಲ್ಲಿ ಹತ್ತು ಜನ ತುಳು ಬಲ್ಲವರಿದ್ದರು. ಒಬ್ಬರೂ ಕೆಮ್ಮಲಿಲ್ಲ.

"ಗಾಡಿ ಓಡಿಸಿದವನು ಯಾರು? ಹೇಗಾಯ್ತು ಅಂತ ಜಾಗದಲ್ಲೇ ತೋರಿಸ್ತೀಯೇನಪ್ಪ?" ಇನ್‌ಸ್ಪೆಕ್ಟರ್ ಹೊರಗೆ ಬಂದರು.

"ತೋರಿಸ್ತೇನೆ ಸ್ವಾಮಿ. ಅವತ್ತು ಇದ್ದ ಹಾಗೆಯೇ ತೋರಿಸ್ಬೇಕಾ?"

"ಹಾಗೇ ತೋರಿಸು."

ಸಾವಿರ ಹಂಚು ಪೇರಿಸಿದ ಮಂಚವನ್ನು ಕೊಂಬಿನ ಮೇಲೆ ಎತ್ತಿಕೊಂಡೆ. ಸೊಂಟದಿಂದ ಚೂರನ್ನೂ ಹುರಿಯನ್ನೂ ತೆಗೆದೆ. ಪೆಡಲ್ ಒತ್ತಿ, ಚೂರು ಜಡಿದು, ಹುರಿ ಬಿಗಿದೆ. ಸುಧಾಕರನ ಮುಖ ಸುಣ್ಣ ಬಳಿದ ಗೋಡೆಯಾಯಿತು.

"ಅದೇನು?"

"ಅವತ್ತು ಇದ್ದದ್ದು ಸ್ವಾಮಿ. ಇದು ಕಟ್ಟಿದರೆ ಬ್ರೇಕ್ ಬೀಳುವುದಿಲ್ಲ."

"ಸುಳ್ಳು!" ಎಂದರು ಧಣಿ. "ಹಾಗೆ ಯಾರೂ ಕಟ್ಟಿರ್ಲಿಲ್ಲ. ಕಟ್ಟಿದರೂ ಎಂತ? ಹಿಡಿ ಎಳೆದರೆ ಗಾಡಿ ನಿಲ್ತದೆ. ಅವಳಿಗೆ ಸರಿಯಲು ಮೂರು ಮಾರು ಜಾಗ ಇತ್ತು ಸಾರ್. ಬನ್ನಿ, ನಾನೇ ನಿಂತು ತೋರಿಸ್ತೇನೆ." ಸರಸರನೆ ಹೋಗಿ ಕಂಬದ ಮುಂದೆ ನಿಂತರು. ಅಲ್ಲಿ ನಿಲ್ಲಲು ಹೆಂಗಸರು ಯಾರೂ ಒಪ್ಪುತ್ತಿರಲಿಲ್ಲ. ಧಣಿಗೆ ಯಾವ ಕುಲೆಯ ಭಯ? ಅವರದ್ದೇ ಕಾರ್ಖಾನೆ.

"ಅಕ್ಕ ಕಂಬಕ್ಕೆ ಮುಖ ಮಾಡಿದ್ದಳು," ಎಂದೆ.

"ಯಾಕೆ?" ಎಂದರು ಇನ್‌ಸ್ಪೆಕ್ಟರ್. ಧಣಿ ಪಂಚೆ ಸರಿಮಾಡಿಕೊಂಡರು. "ಸರಿ, ಹಾಗೇ ತಿರುಗಿ ನಿಲ್ಲಿ ಸ್ವಾಮಿ. ಒಂದು ನಿಮಿಷ."

ಧಣಿ ಗೊಣಗುತ್ತಾ ತಿರುಗಿದರು. ನಾನು ಗಾಡಿ ಬಿಟ್ಟೆ. ಇಳಿಜಾರು ಸಿಕ್ಕಿತು. ಚಕ್ರ ತನ್ನಷ್ಟಕ್ಕೆ ಉರುಳತೊಡಗಿತು.

"ಈಗ ಕೂಗ್ರೀ ರೈಟರೇ," ಎಂದರು ಇನ್‌ಸ್ಪೆಕ್ಟರ್. "ಅವತ್ತು ಕೂಗಿದ್ದನ್ನೇ ಕೂಗಿ."

ಸುಧಾಕರ ಧಣಿಯ ಬೆನ್ನು ನೋಡಿದ.

"ಜಾಗ್ರತೆ ಅಂತ ತಾನೇ ಅರ್ಥ? ಕೂಗ್ರೀ! ನಿಮ್ಮ ಧಣಿಗಳಿಗೇ ಒಳ್ಳೆಯದು!"

"ಜಪ್ಪು," ಎಂದ ಅವನು.

ನನ್ನ ಬಲಗಾಲು ಎದ್ದಿತು.

ಇದನ್ನು ನಾನು ಮುಚ್ಚಿಡುವುದಿಲ್ಲ. ಕಾಲು ಎದ್ದದ್ದು ಅಭ್ಯಾಸದಿಂದಲೋ, ಸಿಟ್ಟಿನಿಂದಲೋ ನನಗೆ ಇವತ್ತಿಗೂ ಗೊತ್ತಿಲ್ಲ. ಇಳಿದರೆ ಸಾಕಿತ್ತು. ಹೇಳಿದ ಹಾಗೆ ಕೇಳಿದ ಆಳು. ಬೆನ್ನು ಬಗ್ಗಿಸಿ ಬದಿಗೆ ನಿಂತರೆ ಉಳಿದದ್ದನ್ನು ಕೋಣ ಮಾಡುತ್ತಿತ್ತು. ಯಾವ ಕೋರ್ಟು ನನ್ನನ್ನು ಹಿಡಿಯುತ್ತಿತ್ತು? ಒಂದು ಕಾಲು ತಗಡಿನ ಮೇಲೆ, ಒಂದು ಕಾಲು ಗಾಳಿಯಲ್ಲಿ. ಧಣಿ ಹೆಗಲ ಮೇಲಿಂದ ತಿರುಗಿ ನೋಡಿದರು. ಗಾಳಿಯಲ್ಲಿದ್ದ ನನ್ನ ಕಾಲು ಅವರಿಗೆ ಕಂಡಿತು.

"ಜಪ್ಪಡ!" ಎಂದು ಚೀರಿದರು. "ಜಪ್ಪಡ! ಜಪ್ಪಡ ಮಾರಾಯಾ!"

ನಾನು ಕಾಲನ್ನು ತಗಡಿಗೆ ಊರಿದೆ. ಎರಡೂ ಕೈಯಿಂದ ಹಿಡಿಯನ್ನು ಹಿಂದಕ್ಕೆ ಎಳೆದೆ. ಚಕ್ರ ಕಿರುಗುಟ್ಟಿತು, ಗಾಡಿ ನಡುಗಿತು. ಮೇಲಿನ ಸಾಲು ಜಾರಿ ನೆಲಕ್ಕೆ ಬಿದ್ದು ಒಡೆಯಿತು. ಕೊಂಬಿನ ತುದಿ ಧಣಿಯ ಪಂಚೆಯಿಂದ ಒಂದು ಮೊಳ ಈಚೆ ನಿಂತಿತು. ಧಣಿ ಕಂಬವನ್ನು ತಬ್ಬಿಕೊಂಡಿದ್ದರು.

ಇನ್‌ಸ್ಪೆಕ್ಟರ್ ನಿಧಾನವಾಗಿ ಕೇಳಿದರು: "ಜಪ್ಪಡ ಅಂದ್ರೇನು?"

ಸುಧಾಕರ ನೆಲ ನೋಡಿದ.

"ಇಳಿಯಬೇಡ ಅಂತ," ಎಂದೆ ನಾನು. ಜಗಲಿಯಲ್ಲಿ ಕಲಿತ ಕನ್ನಡದಲ್ಲಿ ಸ್ಪಷ್ಟವಾಗಿ ಹೇಳಿದೆ.

"ಹಾಗಾದ್ರೆ ಜಪ್ಪು?"

"ಇಳಿ ಅಂತ. ಧಣಿ ಬಂದರು, ಇಳಿ ಅಂತ."

ಇನ್‌ಸ್ಪೆಕ್ಟರ್ ಪುಸ್ತಕ ತೆರೆದರು. ಬರೆದದ್ದನ್ನು ಹೊಡೆದುಹಾಕಿದರು. ನನ್ನ ಕಾಲಿನ ಅಡಿಯ ಹುರಿ ನೋಡಿದರು, ಕಂಬ ನೋಡಿದರು. ಅವರ ಪೆನ್ನು ಅಲ್ಲೇ ನಿಂತಿತು. ಅವರು ಏನು ಬರೆಯುತ್ತಾರೆ, ಬರೆದದ್ದು ಎಲ್ಲಿಗೆ ಹೋಗುತ್ತದೆ, ನನಗೆ ತಿಳಿಯದು. ಮನೆ ನಾಳೆ ಇರುತ್ತದೋ ಇಲ್ಲವೋ ಅದೂ ತಿಳಿಯದು.

ಧಣಿ ಕಂಬ ಬಿಟ್ಟರು. ಪಂಚೆ ಕೊಡವಿದರು. ಸುತ್ತ ನಿಂತ ಹೆಂಗಸರನ್ನು ನೋಡಿದರು. ಒಬ್ಬಳೂ ಗೋಡೆಗೆ ತಿರುಗಿರಲಿಲ್ಲ, ಎಲ್ಲರೂ ಅವರನ್ನೇ ನೋಡುತ್ತಿದ್ದರು. ಅವರ ಮುಖಕ್ಕೆ ರಕ್ತ ನುಗ್ಗಿತು. ದನಿ ಹಳೆಯ ದನಿಯಾಯಿತು.

"ಸಾಕು ನಿನ್ನ ಆಟ. ಜಪ್ಪು."

ನಾನು ಇಳಿಯಲಿಲ್ಲ.

"ಹುಕ್ರಾ, ಕಿವಿ ಇಲ್ವಾ? ಜಪ್ಪು ಅಂದದ್ದು!"

ಕಂಬದ ಹತ್ತಿರ ಅಕ್ಕ ನಿಂತಿದ್ದಳು, ಅರ್ಧ ತಿರುಗಿ. ಧಣಿಗೆ ಕಾಣಲಿಲ್ಲ. ಅವರ ಪಕ್ಕದಲ್ಲಿಯೇ ಇದ್ದಳು. ನಾನು ಹಿಡಿಯನ್ನು ಬಿಡಲಿಲ್ಲ, ಎರಡೂ ಕಾಲನ್ನು ತಗಡಿಗೆ ಒತ್ತಿದೆ.

"ಇಲ್ಲ ಧಣಿ," ಎಂದೆ. "ನಾನು ಇಳಿದರೆ ಅಕ್ಕ ಸಾಯ್ತಾಳೆ."